ಮುಯ್ಯಿ ತೀರಿದ ಮೇಲೆ

ಮನೆಯಲ್ಲಿ ಒಬ್ಬರೇ ಕುಳಿತು ಸೇಡಿನ ಕಥೆಯ ಚಲನಚಿತ್ರವೊಂದನ್ನು ನೋಡಿ ಆನಂದಿಸುವುದು ಕ್ರೈಸ್ತ ವಿಶ್ವಾಸಿಗೆ ತಕ್ಕುದೇ? ಪ್ರಶ್ನೆ ಮೇಲ್ನೋಟಕ್ಕೆ ಹಗುರವಾಗಿ ಕಾಣಬಹುದು. ಆದರೆ ನಮ್ಮ ಮನೆಗಳಲ್ಲಿ ರಾತ್ರಿ ಹತ್ತರ ನಂತರ ಯಾವ ಕೋಣೆಯಲ್ಲಿ ಯಾವ ದೀಪ ಉರಿಯುತ್ತಿದೆ ಎಂಬುದನ್ನು ಬಲ್ಲ ತಂದೆತಾಯಿಯರಿಗೆ ಇದು ನಗುವ ಮಾತಲ್ಲ. ಜಪಸರ ಮುಗಿದು, ಊಟವಾಗಿ, ಹಿರಿಯರು ಮಲಗಿದ ಮೇಲೆ ಮನೆಯ ಯಾರೋ ಒಬ್ಬರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೊರಿಯಾ ದೇಶದ ಚಿತ್ರವೊಂದನ್ನು ನೋಡುತ್ತಿರುತ್ತಾರೆ. ಆ ಯಾರೋ ಒಬ್ಬರು ಕಾಲೇಜಿನ ಹುಡುಗನೇ ಆಗಿರಬೇಕೆಂದಿಲ್ಲ. ಮನೆಯೊಡತಿಯೂ ಆಗಿರಬಹುದು, ನಿವೃತ್ತ ಶಿಕ್ಷಕರೂ ಆಗಿರಬಹುದು. ನಾವೂ ಮನೆಯಲ್ಲಿ ಬೇರೆ ಯಾರೂ ಇಲ್ಲದ ರಾತ್ರಿಯೊಂದರಲ್ಲಿ ಅಂಥ ಚಿತ್ರವನ್ನು ನೋಡಿದೆವು, ಮೆಚ್ಚಿದೆವು. ಆದುದರಿಂದ ದೂರದಲ್ಲಿ ನಿಂತು ತೀರ್ಪು ಕೊಡುವ ಅಧಿಕಾರ ನಮಗಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಬರುವ ಊರುಗಳು. ಒಂದು ತುದಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ಇನ್ನೊಂದು ತುದಿಯ ಆಚೀಚೆ ಹಟ್ಟಿಯ ಚಿನ್ನದ ಗಣಿ ಮತ್ತು ಮುದಗಲ್ಲು. ಆ ಮುದಗಲ್ಲಿನಲ್ಲಿ 16ನೆಯ ಶತಮಾನದಷ್ಟು ಹಿಂದೆಯೇ, ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿಯೇ, ಕಥೋಲಿಕ ವಿಶ್ವಾಸ ಬೇರೂರಿತ್ತು. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಸೀಮೆಯಲ್ಲಿ ನಮ್ಮ ಕುಟುಂಬಗಳು ಅಲ್ಲೊಂದು ಇಲ್ಲೊಂದು ಎಂಬಂತೆ ಹರಡಿಕೊಂಡಿವೆ. ಭಾನುವಾರದ ಬಲಿಪೂಜೆಯಲ್ಲಿ ಒಟ್ಟಿಗೆ ಸೇರುವ ಜನ ವಾರದ ಉಳಿದ ರಾತ್ರಿಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಏನನ್ನು ನೋಡುತ್ತಾರೆ ಎಂಬುದು ಯಾರಿಗೂ ತಿಳಿಯದು.

ಹಿಂದೆ ಹೀಗಿರಲಿಲ್ಲ. ಸೇಡಿನ ಕಥೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ, ಒಬ್ಬರೇ ನೋಡುವುದು ಹೊಸದು. ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ದೊಡ್ಡಾಟ ಕಟ್ಟುತ್ತಿದ್ದರು. ಭಾರತದ ಪ್ರಸಂಗವಾದರೆ ಬೆಳಗಿನ ಜಾವಕ್ಕೆ ಭೀಮಸೇನ ಗದೆ ಹಿಡಿದು ಅಬ್ಬರಿಸುತ್ತ ಬರಬೇಕು. ಅಷ್ಟು ಹೊತ್ತಿಗೆ ತೂಕಡಿಸುತ್ತಿದ್ದ ಊರೆಲ್ಲ ಎದ್ದು ಕುಳಿತುಕೊಳ್ಳಬೇಕು. ದ್ರೌಪದಿಯ ಮುಡಿಗಾಗಿ ತೀರುವ ಆ ಹಗೆಯನ್ನು ಗೌಡರು, ಕೂಲಿಯವರು, ಮಕ್ಕಳು, ಮುದುಕಿಯರು ಒಂದೇ ಬಯಲಿನಲ್ಲಿ ಕುಳಿತು ನೋಡುತ್ತಿದ್ದರು. ಟಾಕೀಸು ಬಂದ ಮೇಲೂ ಈ ಗುಣ ಹೋಗಲಿಲ್ಲ. ನಾಯಕ ಖಳನ ಕೊರಳಪಟ್ಟಿ ಹಿಡಿದಾಗ ಮುಂದಿನ ಬೆಂಚಿನವರ ಸಿಳ್ಳೆ, ಹಿಂದಿನ ಕುರ್ಚಿಯವರ ಚಪ್ಪಾಳೆ. ಸೇಡಿನ ಸಂತೋಷವನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದುದರಿಂದ ಯಾರ ಪಾಲಿಗೆ ಎಷ್ಟು ಬಂತೆಂದು ಲೆಕ್ಕ ಸಿಗುತ್ತಿರಲಿಲ್ಲ. ದೂರದರ್ಶನದ ಕಾಲದಲ್ಲಿ ನಡುಮನೆಯಲ್ಲಿ ಅಜ್ಜಿಯಾದರೂ ಜೊತೆಗಿರುತ್ತಿದ್ದಳು. ರಕ್ತ ಹೆಚ್ಚಾದರೆ ಪೆಟ್ಟಿಗೆ ಆರಿಸುವ ಅಧಿಕಾರ ಅವಳದು. ಈಗ ಅಂಗೈಯಗಲದ ತೆರೆ, ಮುಚ್ಚಿದ ಬಾಗಿಲು, ನಾವು.

ನಾವು ನೋಡಿದ ಚಿತ್ರ 2005ರಲ್ಲಿ ತೆರೆಕಂಡ 'ಲೇಡಿ ವೆಂಜನ್ಸ್'. ನಿರ್ದೇಶಕರು ಪಾರ್ಕ್ ಚಾನ್-ವೂಕ್. ಸೇಡನ್ನೇ ವಸ್ತುವಾಗಿ ಉಳ್ಳ ಅವರ ಮೂರು ಚಿತ್ರಗಳಲ್ಲಿ ಇದು ಕೊನೆಯದು. 2002ರ 'ಸಿಂಪಥಿ ಫಾರ್ ಮಿಸ್ಟರ್ ವೆಂಜನ್ಸ್' ಮೊದಲನೆಯದು; 2003ರ 'ಓಲ್ಡ್ ಬಾಯ್' ಎರಡನೆಯದು. ಕಾನ್ ಚಿತ್ರೋತ್ಸವದಲ್ಲಿ 2004ರಲ್ಲಿ ಗ್ರ್ಯಾಂಡ್ ಪ್ರಿ ಪಡೆದ ಆ ಎರಡನೆಯ ಚಿತ್ರದ ಕಥೆಯನ್ನು ಹೋಲುವ 'ಜಿಂದಾ' ಎಂಬ ಹಿಂದಿ ಚಿತ್ರವೂ 2006ರಲ್ಲಿ ಬಂದಿತ್ತು. ಮೂರರಲ್ಲಿ ನಮ್ಮ ಓದುಗರಿಗೆ ಹತ್ತಿರವಾದುದು ಕೊನೆಯದೇ ಎಂದು ನಮ್ಮ ಅಭಿಪ್ರಾಯ. ಏಕೆಂದರೆ ಇದರಲ್ಲಿ ಸೆರೆಮನೆಯ ಪ್ರಾರ್ಥನೆಯಿದೆ, ಪಶ್ಚಾತ್ತಾಪದ ಮಾತಿದೆ, ಪಾಪದಿಂದ ಬಿಳಿಯಾಗಬೇಕೆಂಬ ಹಂಬಲವಿದೆ. ಹತ್ತಿರವಾದುದು ಎಂದ ಮಾತ್ರಕ್ಕೆ ಎಲ್ಲರಿಗೂ ತಕ್ಕುದು ಎಂದು ಅರ್ಥವಲ್ಲ. ಮಕ್ಕಳ ಅಪಹರಣ, ಕೊಲೆ ಇದರಲ್ಲಿವೆ. ಹದಿನೆಂಟು ದಾಟದವರ ಕೈಗೆ ಇದನ್ನು ಕೊಡಬಾರದು. ದಾಟಿದವರಲ್ಲಿಯೂ ಮಗುವನ್ನು ಕಳೆದುಕೊಂಡ ದುಃಖದಲ್ಲಿರುವವರು ನೋಡದಿರುವುದೇ ಒಳಿತು.

ಕಥೆ ಹೀಗಿದೆ. ಗುಮ್‌ಜಾ ಎಂಬ ಯುವತಿ ಪುಟ್ಟ ಬಾಲಕನೊಬ್ಬನನ್ನು ಕೊಂದೆನೆಂದು ಒಪ್ಪಿಕೊಂಡು ಹದಿಮೂರು ವರ್ಷ ಸೆರೆವಾಸ ಅನುಭವಿಸುತ್ತಾಳೆ. ಕೊಂದವನು ಬೇರೆ, ಅವನು ಮಕ್ಕಳಿಗೆ ಪಾಠ ಹೇಳುವ ಶಿಕ್ಷಕ. ಅವಳ ಹಸುಗೂಸನ್ನು ತನ್ನ ವಶದಲ್ಲಿಟ್ಟುಕೊಂಡು, ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುವಂತೆ ಅವಳನ್ನು ಬೆದರಿಸಿರುತ್ತಾನೆ. ಸೆರೆಮನೆಯಲ್ಲಿ ಗುಮ್‌ಜಾ ಕೈಮುಗಿದು ಪ್ರಾರ್ಥಿಸುತ್ತಾಳೆ. ಸಹಕೈದಿಯೊಬ್ಬಳಿಗೆ ತನ್ನ ಮೂತ್ರಪಿಂಡವನ್ನೇ ದಾನ ಮಾಡುತ್ತಾಳೆ. ಎಲ್ಲರೂ ಅವಳನ್ನು ದೇವದೂತಳೆಂದೇ ಕರೆಯುತ್ತಾರೆ. ಆ ದಯೆಯೆಲ್ಲ ಮುಂದಿನ ಹಗೆಗೆ ಕೂಡಿಟ್ಟ ಬಂಡವಾಳವೆಂದು ನಮಗೆ ಗೊತ್ತಾಗುವುದು ಆಮೇಲೆ. ಬಿಡುಗಡೆಯ ದಿನ ಕೊರೆಯುವ ಚಳಿಯಲ್ಲಿ ಬೋಧಕನೊಬ್ಬ, ಕ್ರಿಸ್ಮಸ್ ತಾತನ ಉಡುಪು ತೊಟ್ಟು ಹಾಡುವ ಮೇಳದೊಂದಿಗೆ, ಸೆರೆಮನೆಯ ಹೊರಗೆ ಕಾಯುತ್ತಿರುತ್ತಾನೆ. ಅವನ ಕೈಯ ತಟ್ಟೆಯಲ್ಲಿ ಸೋಯಾ ಅವರೆಯ ಹಾಲಿನಿಂದ ಮಾಡಿದ ಬಿಳಿಯ ಗಿಣ್ಣಿನಂಥ ತೋಫು. ಸೆರೆಯಿಂದ ಬಿಡುಗಡೆಯಾದವರು ಅದನ್ನು ತಿಂದು ಇನ್ನು ಮುಂದೆ ಅದರಂತೆ ಬೆಳ್ಳಗೆ ಬದುಕಬೇಕೆಂಬುದು ಆ ದೇಶದ ರೂಢಿ. ಗುಮ್‌ಜಾ ತಟ್ಟೆಯನ್ನು ಬೆರಳಿನಿಂದ ಮೆಲ್ಲನೆ ತಳ್ಳಿ ಕೆಡಹುತ್ತಾಳೆ. ಚಿತ್ರ ಆರಂಭವಾಗುವುದೇ ಹೀಗೆ, ತಿರಸ್ಕರಿಸಲ್ಪಟ್ಟ ಪ್ರಸಾದದೊಂದಿಗೆ. ಗುಮ್‌ಜಾಳಾಗಿ ನಟಿಸಿದ ಲೀ ಯಂಗ್-ಏ ಅವರ ಮುಖದ ಪ್ರಶಾಂತತೆ ನೋಡುವವರ ಎದೆಯಲ್ಲಿ ನಡುಕ ಹುಟ್ಟಿಸುತ್ತದೆ.

ನಿರ್ದೇಶಕ ಪಾರ್ಕ್ ಅವರು ಬೆಳೆದುದು ಕಥೋಲಿಕ ಮನೆಯಲ್ಲಿ. ತತ್ತ್ವಶಾಸ್ತ್ರ ಓದಿದುದು ಸೋಲ್ ನಗರದ ಸೋಗಾಂಗ್ ವಿಶ್ವವಿದ್ಯಾಲಯದಲ್ಲಿ. ಅದು ಯೇಸುಸಭೆಯ ಗುರುಗಳು 1960ರಲ್ಲಿ ಸ್ಥಾಪಿಸಿದ ಸಂಸ್ಥೆ. ನಮ್ಮ ನೆರೆಯ ಮಾನ್ವಿಯಲ್ಲಿ ಬಡಮಕ್ಕಳಿಗೆ ಶಾಲೆ ನಡೆಸುವವರೂ ಅದೇ ಸಭೆಯ ಗುರುಗಳು. ಪಾರ್ಕ್ ಅವರು ಮುಂದೆ ಧರ್ಮಸಭೆಯಿಂದ ದೂರವಾದರೂ ಅದರ ಮಾತು ಅವರನ್ನು ಬಿಟ್ಟಂತಿಲ್ಲ. 2009ರ ಅವರ 'ಥರ್ಸ್ಟ್' ಚಿತ್ರದ ನಾಯಕ ಒಬ್ಬ ಕಥೋಲಿಕ ಗುರು. ಕೊರಿಯಾದಲ್ಲಿ ಕಥೋಲಿಕರು ಈಗ ಜನಸಂಖ್ಯೆಯ ಶೇಕಡಾ 11ರಷ್ಟಿದ್ದಾರೆ. ಆ ದೇಶದಲ್ಲಿ ವಿಶ್ವಾಸವನ್ನು ಮೊದಲು ಬಿತ್ತಿದವರು ಹೊರಗಿನಿಂದ ಬಂದ ಗುರುಗಳಲ್ಲ. 1784ರಲ್ಲಿ ಬೀಜಿಂಗಿಗೆ ಹೋಗಿ ಸ್ನಾನದೀಕ್ಷೆ ಪಡೆದು ಮರಳಿದ ಯಿ ಸುಂಗ್-ಹುನ್ ಮತ್ತು ಅವರ ಗೆಳೆಯರು, ಅಂದರೆ ನಮ್ಮ ನಿಮ್ಮಂಥ ಸಂಸಾರಸ್ಥರು. ಅವರ ಪೀಳಿಗೆಗಳ ಮೇಲೆ 1801, 1839, 1846, 1866ರಲ್ಲಿ ಹಿಂಸೆಯ ಮಳೆ ಸುರಿಯಿತು. 1984ರ ಮೇ 6ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಸೋಲ್ ನಗರದಲ್ಲಿಯೇ 103 ಮಂದಿ ರಕ್ತಸಾಕ್ಷಿಗಳನ್ನು ಸಂತರೆಂದು ಘೋಷಿಸಿದರು. 2014ರ ಆಗಸ್ಟ್ 16ರಂದು ಜಗದ್ಗುರು ಫ್ರಾನ್ಸಿಸರು ಇನ್ನೂ 124 ಮಂದಿಯನ್ನು ಧನ್ಯರೆಂದು ಸಾರಿದರು. ಇಷ್ಟು ರಕ್ತಕ್ಕೆ ಸೇಡು ಬೇಡದ ಸಭೆಯಿರುವ ದೇಶದಿಂದಲೇ ಜಗತ್ತಿನ ಅತ್ಯಂತ ತೀಕ್ಷ್ಣವಾದ ಸೇಡಿನ ಚಿತ್ರಗಳೂ ಬಂದಿವೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಇನ್ನು ಆನಂದದ ಮಾತಿಗೆ ಬರೋಣ. ಆನಂದವಾಯಿತೇ? ಆಯಿತು. ಗುಮ್‌ಜಾ ಒಂದೊಂದೇ ಹೆಜ್ಜೆ ಇಟ್ಟು ಆ ಶಿಕ್ಷಕನನ್ನು ಬಲೆಗೆ ಕೆಡಹುವಾಗ ನಮ್ಮ ಎದೆಯ ಬಡಿತ ಅವಳ ಹೆಜ್ಜೆಯ ಜೊತೆಗೇ ನಡೆಯಿತು. ನವರಸಗಳನ್ನು ವಿವರಿಸಿದ ನಮ್ಮ ಹಿರಿಯ ಆಲಂಕಾರಿಕರು ರೌದ್ರವನ್ನೂ ಬೀಭತ್ಸವನ್ನೂ ಸವಿಯಬಹುದಾದ ರಸಗಳೆಂದೇ ಎಣಿಸಿದ್ದಾರೆ. ರಂಗದ ಮೇಲಿನ ಕೋಪವನ್ನು ಸವಿಯುವ ಸಹೃದಯ ತಾನು ಕೋಪಿಷ್ಠನಾಗಬೇಕಿಲ್ಲ. ಇದು ಒಪ್ಪತಕ್ಕ ಮಾತೇ. ಆದರೂ ಸಂತ ಅಗುಸ್ತೀನರು ತಮ್ಮ ಆತ್ಮನಿವೇದನೆಯಲ್ಲಿ ಹೇಳಿರುವ ಗೆಳೆಯ ಅಲಿಪಿಯುಸನ ಪ್ರಸಂಗ ನಮ್ಮನ್ನು ಬಿಡದೆ ಕಾಡಿತು. ರೋಮಿನಲ್ಲಿ ಗೆಳೆಯರು ಅವನನ್ನು ಬಲವಂತವಾಗಿ ಕತ್ತಿಮಲ್ಲರ ಕಾಳಗಕ್ಕೆ ಎಳೆದೊಯ್ಯುತ್ತಾರೆ. ಅವನು ನೋಡುವುದೇ ಇಲ್ಲವೆಂದು ಕಣ್ಣು ಮುಚ್ಚಿ ಕುಳಿತಿರುತ್ತಾನೆ. ಆದರೆ ಕಿವಿಯನ್ನು ಮುಚ್ಚಿಕೊಂಡಿರಲಿಲ್ಲ. ಜನಸ್ತೋಮ ಒಮ್ಮೆಲೇ ಭೋರೆಂದು ಕೂಗಿದಾಗ ಕುತೂಹಲ ತಡೆಯಲಾರದೆ ಕಣ್ಣು ತೆರೆಯುತ್ತಾನೆ. ರಕ್ತವನ್ನು ಕಂಡೊಡನೆ ಅದರ ಅಮಲೇರಿ, ಬಂದ ಮನುಷ್ಯನೇ ಅವನಾಗಿರದೆ, ಗುಂಪಿನಲ್ಲಿ ಒಬ್ಬನಾಗಿಬಿಡುತ್ತಾನೆ. ಅದೇ ಅಲಿಪಿಯುಸ ಮುಂದೆ ತಗಾಸ್ತೆಯ ಧರ್ಮಾಧ್ಯಕ್ಷನೂ ಸಂತನೂ ಆದನೆಂಬುದು ಬೇರೆ ಮಾತು.

ಅಲಿಪಿಯುಸನನ್ನು ಕೆಡಿಸಿದುದು ಗುಂಪಿನ ಕೂಗು. ಒಬ್ಬರೇ ನೋಡುವ ನಮಗೆ ಅಂಥ ನೆಪವಿಲ್ಲ. ಸಿಳ್ಳೆ ಹಾಕಿದವರು ಮುಂದಿನ ಬೆಂಚಿನವರೆಂದು ಹೇಳುವಂತಿಲ್ಲ. ಕೋಣೆಯಲ್ಲಿ ಉಂಟಾದ ಸಂತೋಷವೆಲ್ಲವೂ ನಮ್ಮದೇ. ಈ ಕಾರಣದಿಂದ ಒಬ್ಬರೇ ನೋಡುವುದರಲ್ಲಿ ಒಂದು ಉಪಕಾರವೂ ಇದೆ ಎಂದು ನಮಗೆ ಅನ್ನಿಸುತ್ತದೆ. ಪಾಪನಿವೇದನೆಗೆ ಮೊದಲು ಮಾಡುವ ಆತ್ಮಶೋಧನೆಯೂ ಗುಂಪಿನಲ್ಲಿ ನಡೆಯುವಂಥದಲ್ಲ. ಮೂತಿಗೆ ಬಡಿಯುವಂತೆ ತೀರುವ ಸೇಡಿನಲ್ಲಿ ನಮಗೇಕೆ ಇಷ್ಟು ತಣಿವು ಎಂದು ಕೇಳಿಕೊಳ್ಳಲು ಆ ಏಕಾಂತ ಒಳ್ಳೆಯ ಸಮಯ.

ಉತ್ತರ ನಮ್ಮ ಭಾಷೆಯಲ್ಲಿಯೇ ಇದೆ. ಮದುವೆಯಲ್ಲಿ ವಧೂವರರಿಗೆ ಬಂಧುಗಳು ಓದಿಸುವ ಉಡುಗೊರೆಗೆ ಮುಯ್ಯಿ ಎನ್ನುತ್ತೇವೆ. ನಮ್ಮ ಕಡೆ ಆಯೇರಿ ಎಂಬ ಮಾತೂ ಉಂಟು. ಯಾರು ಎಷ್ಟು ಕೊಟ್ಟರೆಂದು ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರ ಮನೆಯ ಮದುವೆಯಲ್ಲಿ ಅಷ್ಟನ್ನಾದರೂ ಹಿಂದಿರುಗಿಸಬೇಕು. ಇದೇ ಮುಯ್ಯಿ ಎಂಬ ಶಬ್ದಕ್ಕೆ ಸೇಡು ಎಂಬ ಅರ್ಥವೂ ಇದೆ. ಮುಯ್ಯಿಗೆ ಮುಯ್ಯಿ ಎಂದಾಗ ನಾವು ಉಡುಗೊರೆಯ ಮಾತಾಡುತ್ತಿರುವುದಿಲ್ಲ. ಪ್ರೀತಿಗೂ ಹಗೆಗೂ ಒಂದೇ ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡ ಜನ ನಾವು. ಪಡೆದದ್ದನ್ನು ಹಿಂದಿರುಗಿಸದಿದ್ದರೆ ಮರ್ಯಾದೆಗೆ ಕುಂದು ಎಂಬ ಭಾವನೆ ಎರಡು ಕಡೆಯೂ ಸಮ. ಸೇಡಿನ ಚಿತ್ರ ಕೊಡುವ ಸಂತೋಷ ಈ ಲೆಕ್ಕ ಚುಕ್ತವಾದ ಸಂತೋಷ. ಎರಡು ಗಂಟೆಯ ಹಿಂದೆ ತೆರೆದ ಸಾಲದ ಪುಟಕ್ಕೆ ನಮ್ಮ ಕಣ್ಣೆದುರಿಗೇ ಅಡ್ಡಗೆರೆ ಬೀಳುತ್ತದೆ. ನಿಜಜೀವನದಲ್ಲಿ ಹಾಗೆ ಬೀಳುವುದಿಲ್ಲ. ದಾಯಾದಿಗಳ ಹೊಲದ ವ್ಯಾಜ್ಯ ಅಜ್ಜನಿಂದ ಮೊಮ್ಮಗನವರೆಗೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿರುತ್ತದೆ. ಕಾಲುವೆಯ ಮೇಲ್ಭಾಗದವರು ನೀರು ತಿರುಗಿಸಿಕೊಂಡರೆಂದು ಕೊನೆಯ ಭಾಗದವರು ಕುದಿಯುತ್ತಿರುತ್ತಾರೆ. ತೀರದ ಲೆಕ್ಕಗಳ ನಡುವೆ ಬದುಕುವವರಿಗೆ ಒಂದಾದರೂ ತೀರಿದ ಲೆಕ್ಕವನ್ನು ನೋಡಬೇಕೆಂಬ ಬಾಯಾರಿಕೆ ಸಹಜವಾದುದು.

ಶುಭಸಂದೇಶವೂ ಕ್ಷಮೆಯನ್ನು ಕುರಿತು ಮಾತಾಡುವಾಗ ಲೆಕ್ಕದ ಮಾತನ್ನೇ ಆಡುತ್ತದೆ. ಸಂತ ಮತ್ತಾಯರ ಗ್ರೀಕ್ ಮೂಲದಲ್ಲಿ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪು ಎನ್ನುವೆಡೆ ಇರುವುದು ಸಾಲ ಎಂಬ ಅರ್ಥದ ಪದ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರರು ಕೇಳಿದಾಗ ಸ್ವಾಮಿ ಕೊಟ್ಟ ಸಾಮತಿ ಕೂಡ ಇಬ್ಬರು ಸಾಲಗಾರರದೇ: ಹತ್ತು ಸಾವಿರ ತಲಾಂತಿನ ಸಾಲದಿಂದ ಬಿಡುಗಡೆ ಪಡೆದವನು ನೂರು ದಿನಾರಿಯ ಸಾಲಕ್ಕಾಗಿ ಜೊತೆಗಾರನ ಕುತ್ತಿಗೆ ಹಿಡಿದ ಕಥೆ. ಅಲ್ಲಿ ಸ್ವಾಮಿ ಹೇಳಿದ ಎಪ್ಪತ್ತು ಮತ್ತು ಏಳರ ಸಂಖ್ಯೆ ಸುಮ್ಮನೆ ಬಂದುದಲ್ಲ. ಆದಿಕಾಂಡದಲ್ಲಿ ಕಾಯಿನನ ವಂಶದ ಲೆಮೆಕನು ತನ್ನ ಸೇಡು ಎಪ್ಪತ್ತೇಳರಷ್ಟೆಂದು ಹೆಂಡಿರ ಮುಂದೆ ಜಂಬ ಕೊಚ್ಚಿದ ಲೆಕ್ಕವನ್ನು ಸ್ವಾಮಿ ಹಿಂದುಮುಂದು ಮಾಡಿದರು. ಪವಿತ್ರ ಗ್ರಂಥ ಸೇಡಿನ ರುಚಿಯನ್ನು ಮುಚ್ಚಿಡುವುದಿಲ್ಲ. ಶತ್ರುವಿಗೆ ಶಾಪ ಹಾಕುವ ಕೀರ್ತನೆಗಳು ಎಷ್ಟು ಕಟುವಾಗಿವೆಯೆಂದರೆ, ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಗುರುಗಳ ನಿತ್ಯಪ್ರಾರ್ಥನೆಯ ಗ್ರಂಥವನ್ನು ಪರಿಷ್ಕರಿಸಿದಾಗ 58, 83, 109ನೆಯ ಕೀರ್ತನೆಗಳನ್ನು ಅದರಿಂದ ಬಿಡಲಾಯಿತು. ಪವಿತ್ರ ಗ್ರಂಥದಿಂದ ಅವನ್ನು ಯಾರೂ ತೆಗೆಯಲಿಲ್ಲ. ಸೇಡಿನ ಚಿತ್ರವನ್ನು ನೋಡಿ ಮೆಚ್ಚಿದವರು ಒಮ್ಮೆ 109ನೆಯ ಕೀರ್ತನೆಯನ್ನು ಓದಿ ನೋಡಲಿ. ಕೊರಿಯಾದವರು ಹೊಸದಾಗಿ ಕಂಡುಹಿಡಿದುದು ಏನೂ ಇಲ್ಲವೆಂದು ತಿಳಿಯುತ್ತದೆ.

ಚಿತ್ರದ ಕೊನೆಯ ಭಾಗ ನಮ್ಮನ್ನು ತಬ್ಬಿಬ್ಬುಗೊಳಿಸಿತು. ಗುಮ್‌ಜಾ ಶಿಕ್ಷಕನನ್ನು ಹಿಡಿದ ಮೇಲೆ ಅವನು ಕೊಂದ ಮಕ್ಕಳು ಇನ್ನೂ ಹಲವರೆಂದು ಗೊತ್ತಾಗುತ್ತದೆ. ಅವಳು ಆ ಮಕ್ಕಳ ತಂದೆತಾಯಿಗಳನ್ನೆಲ್ಲ ಪಾಳುಬಿದ್ದ ಶಾಲೆಯೊಂದಕ್ಕೆ ಕರೆಸುತ್ತಾಳೆ. ಹಳೆಯ ಪೊಲೀಸ್ ಅಧಿಕಾರಿಯೂ ಅವಳ ಜೊತೆಗಿದ್ದಾನೆ. ಕಾನೂನಿಗೆ ಒಪ್ಪಿಸುವುದೋ, ತಾವೇ ತೀರಿಸುವುದೋ ಎಂದು ಪುಟ್ಟ ಮಕ್ಕಳ ಬೆಂಚುಗಳ ಮೇಲೆ ಕುಳಿತ ದೊಡ್ಡವರು ಚರ್ಚಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಕಟ್ಟಿಹಾಕಿದ ಆ ಮನುಷ್ಯನಿಗೆ ಎಲ್ಲವೂ ಕೇಳಿಸುತ್ತಿರುತ್ತದೆ. ಕೊನೆಗೆ ಸರದಿ ಗೊತ್ತುಮಾಡಿಕೊಂಡು, ಬಟ್ಟೆಗೆ ರಕ್ತ ಸಿಡಿಯದಂತೆ ಪ್ಲಾಸ್ಟಿಕ್ ಮಳೆಯಂಗಿ ತೊಟ್ಟು, ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ. ಪಡಿತರ ಅಂಗಡಿಯ ಮುಂದೆ ನಿಂತವರಂತೆ ಅವರು ಮೌನವಾಗಿ ಸಾಲಿನಲ್ಲಿ ಕುಳಿತಿರುವ ದೃಶ್ಯ ಭಯಂಕರವಾದುದು. ಕೊಲೆಯ ದೃಶ್ಯಕ್ಕಿಂತ ಅದು ಭಯಂಕರ. ಅಲ್ಲಿಯವರೆಗೆ ಗುಮ್‌ಜಾಳೊಂದಿಗೆ ಹೆಜ್ಜೆ ಹಾಕುತ್ತಿದ್ದ ನಮ್ಮ ಸಂತೋಷ ಆ ಸಾಲಿನ ಬಳಿ ನಿಂತುಬಿಟ್ಟಿತು. ಎಲ್ಲರೂ ಬಾಯಿಬಿಡದಂತೆ ಒಟ್ಟಾಗಿ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಬಳಿಕ ಗುಮ್‌ಜಾ ಕೆಲಸ ಮಾಡುವ ಬೇಕರಿಯಲ್ಲಿ ಕುಳಿತು ಕೇಕು ತಿನ್ನುತ್ತಾರೆ. ಮಕ್ಕಳ ಬಿಡುಗಡೆಗೆಂದು ತಾವು ಕೊಟ್ಟಿದ್ದ ಹಣ ಮರಳಿ ಬರಲೆಂದು ಚೀಟಿಯ ಮೇಲೆ ತಮ್ಮ ತಮ್ಮ ಬ್ಯಾಂಕ್ ಖಾತೆಯ ಸಂಖ್ಯೆ ಬರೆದುಕೊಡುತ್ತಾರೆ.

ಖಾತೆಯ ಸಂಖ್ಯೆ! ಇಡೀ ಚಿತ್ರದಲ್ಲಿ ನಮಗೆ ಅತ್ಯಂತ ನಿಜವೆಂದು ತೋರಿದುದು ಆ ಚೀಟಿ. ಹಣ ಬಂದೀತು, ಮಗು ಬಾರದು. ಒಬ್ಬರ ಮುಖವನ್ನು ಒಬ್ಬರು ನೋಡಲಾರದೆ ಅವರು ಚದುರಿಹೋಗುತ್ತಾರೆ. ಒಟ್ಟಾಗಿ ಸೇಡು ತೀರಿಸಿಕೊಂಡವರು ಆ ಕ್ಷಣದಿಂದಲೇ ಒಬ್ಬೊಬ್ಬರಾಗಿ ಒಂಟಿಯಾಗುತ್ತಾರೆ. ತಾನು ಕಾಪಾಡಲಾರದೆ ಹೋದ ಮೊದಲ ಬಾಲಕ ಗುಮ್‌ಜಾಳ ಮುಂದೆ ಕಾಣಿಸಿಕೊಂಡಾಗ ಅವಳು ಕ್ಷಮೆ ಕೇಳಲು ಬಾಯಿ ತೆರೆಯುತ್ತಾಳೆ. ಅವನು ಅವಳ ಬಾಯಿಗೆ ಬಿರಟೆ ತುರುಕುತ್ತಾನೆ. ಕೊನೆಗೆ ಹಿಮ ಸುರಿಯುವ ಓಣಿಯಲ್ಲಿ ಅವಳು ಮಗಳ ಮುಂದೆ ಬೆಳ್ಳನೆಯ ಕೇಕಿನೊಳಗೆ ಮುಖ ಹುದುಗಿಸಿ ಅಳುತ್ತಾಳೆ. ಆರಂಭದಲ್ಲಿ ಕೆಡಹಿದ ಬಿಳುಪು ಅವಳಿಗೆ ಮತ್ತೆ ಬೇಕಾಗಿದೆ. ಸಿಕ್ಕಿತೇ ಎಂದರೆ ಸಿಗಲಿಲ್ಲವೆಂದೇ ನಿರೂಪಕಿಯ ಧ್ವನಿ ಹೇಳುತ್ತದೆ. ಈ ಚಿತ್ರದ ಇನ್ನೊಂದು ಪ್ರತಿಯಲ್ಲಿ ಬಣ್ಣಗಳು ಕ್ರಮೇಣ ಇಂಗಿಹೋಗಿ ಕೊನೆಯ ಹೊತ್ತಿಗೆ ಕಪ್ಪುಬಿಳುಪಷ್ಟೇ ಉಳಿಯುತ್ತದೆ. ನೋಡುವುದಾದರೆ ಅದನ್ನೇ ನೋಡಬೇಕೆಂದು ನಮ್ಮ ಸಲಹೆ.

ನಮ್ಮ ಕನ್ನಡದ ಕವಿಗೂ ಇದು ತಿಳಿದಿತ್ತು. 10ನೆಯ ಶತಮಾನದ ಕೊನೆಯಲ್ಲಿ ಮುಧೋಳದ ರನ್ನ ಭೀಮನ ಛಲವನ್ನೇ ಹಾಡಲು ಗದಾಯುದ್ಧವನ್ನು ಬರೆದ. ಆದರೆ ಓದಿದವರ ಮನದಲ್ಲಿ ಉಳಿದವನು ಹೆಣಗಳ ನಡುವೆ ನಡೆಯುವ ದುರ್ಯೋಧನ. ಮಸ್ಕಿಯ ಬಂಡೆಯ ವಿಷಯವನ್ನೂ ಇಲ್ಲಿ ನೆನೆಯಬಹುದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಆ ಶಾಸನದಿಂದಲೇ ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ವಿದ್ವಾಂಸರಿಗೆ ದೃಢಪಟ್ಟಿತು. ಗೆದ್ದ ಮೇಲೆ ಪಶ್ಚಾತ್ತಾಪಪಟ್ಟ ಅರಸನ ಹೆಸರು ನಮ್ಮೂರ ಕಲ್ಲಿನ ಮೇಲಿದೆ; ಕಳಿಂಗದ ಕೊಲೆಯ ಲೆಕ್ಕವನ್ನು ಅವನು ಬರೆಯಿಸಿದುದು ಬೇರೆ ಕಡೆಯ ಬಂಡೆಗಳ ಮೇಲೆ. (ಆ ಪಶ್ಚಾತ್ತಾಪದ ಶಾಸನದಲ್ಲಿಯೇ ಕಾಡಿನ ಜನರಿಗೆ ಎಚ್ಚರಿಕೆಯ ಮಾತೂ ಸೇರಿದೆ. ಅರಸರ ಪಶ್ಚಾತ್ತಾಪವೆಂದರೆ ಅಷ್ಟೇ.)

ಹಾಗಾದರೆ ಕ್ಷಮಿಸಿಬಿಡಿ ಎಂದು ಹೇಳಿ ಈ ಅಂಕಣವನ್ನು ಮುಗಿಸಬಹುದಾಗಿತ್ತು. ಆದರೆ ಕೊರಿಯಾದ್ದೇ ಇನ್ನೊಂದು ಚಿತ್ರ ನಮ್ಮನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಲೀ ಚಾಂಗ್-ಡಾಂಗ್ ಅವರ 'ಸೀಕ್ರೆಟ್ ಸನ್‌ಶೈನ್' 2007ರದು. ಅದರ ನಟಿ ಜಿಯೋನ್ ದೋ-ಯೋನ್ ಅವರಿಗೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಪುಟ್ಟ ಮಗನನ್ನು ಕೊಲೆಗಾರನೊಬ್ಬನಿಂದ ಕಳೆದುಕೊಂಡ ತಾಯಿ ಅಲ್ಲಿ ಕ್ರೈಸ್ತ ವಿಶ್ವಾಸದಲ್ಲಿ ಸಮಾಧಾನ ಕಾಣುತ್ತಾಳೆ. ಕೊಂದವನನ್ನು ಕ್ಷಮಿಸಲೆಂದು ಹೂ ಹಿಡಿದು ಸೆರೆಮನೆಗೆ ಹೋಗುತ್ತಾಳೆ. ಅವನು ಪ್ರಸನ್ನಮುಖನಾಗಿ, ದೇವರು ತನ್ನನ್ನು ಆಗಲೇ ಕ್ಷಮಿಸಿದ್ದಾರೆಂದೂ ತಾನು ನೆಮ್ಮದಿಯಿಂದಿರುವೆನೆಂದೂ ಹೇಳುತ್ತಾನೆ. ಅವಳ ಲೋಕ ಅಲ್ಲಿಗೇ ಕುಸಿಯುತ್ತದೆ. ನಾನು ಕ್ಷಮಿಸುವ ಮೊದಲೇ ಕ್ಷಮಿಸಲು ದೇವರಿಗೆ ಹೇಗೆ ಮನಸ್ಸು ಬಂತು ಎಂಬುದು ಅವಳ ಅಳಲು. ನೊಂದವರ ಮುಂದೆ ನಿಂತು ಅವಸರದಿಂದ ಕ್ಷಮೆಯನ್ನು ಬೋಧಿಸುವವರೆಲ್ಲರೂ, ಉಪದೇಶಿಗಳೂ ಸೇರಿ, ನೋಡಬೇಕಾದ ಚಿತ್ರವಿದು. ನ್ಯಾಯವನ್ನು ಬಯಸುವುದು ಪಾಪವಲ್ಲ. ತಪ್ಪಿತಸ್ಥನನ್ನು ತಿದ್ದಲು, ಇತರರನ್ನು ಕಾಪಾಡಲು, ನ್ಯಾಯವನ್ನು ಎತ್ತಿಹಿಡಿಯಲು ದಂಡನೆಯನ್ನು ಬಯಸಬಹುದೆಂದೂ, ಅವನಿಗೆ ಕೇಡಾಗಲೆಂಬುದೇ ಮನಸ್ಸಿನ ಗುರಿಯಾದಾಗ ಅದು ಪಾಪವೆಂದೂ ಸಂತ ತೋಮಸ್ ಅಕ್ವಿನಾಸರು ಬಿಡಿಸಿ ಹೇಳಿದ್ದಾರೆ. ಗೆರೆ ಸಣ್ಣದು. ಆದರೂ ಗೆರೆಯೇ.

ಆ ಗೆರೆ ತೆರೆಯ ಮೇಲಷ್ಟೇ ಇಲ್ಲ. 2020ರ ಜುಲೈ ತಿಂಗಳಲ್ಲಿ ಸಿಂಧನೂರಿನ ಸುಕಾಲಪೇಟೆಯಲ್ಲಿ ಪ್ರೇಮವಿವಾಹವೊಂದರ ಹಗೆಗೆ ಒಂದೇ ಮನೆಯ ಹಲವು ಜೀವಗಳು ಬಲಿಯಾದುದನ್ನು ಈ ಸೀಮೆ ಮರೆತಿಲ್ಲ. ಅಂದು ಕೈಯೆತ್ತಿದವರೂ ಯಾವುದೋ ಮರ್ಯಾದೆಯ ಲೆಕ್ಕವನ್ನು ಚುಕ್ತ ಮಾಡುತ್ತಿರುವೆವೆಂದೇ ಎಣಿಸಿದ್ದಿರಬೇಕು. ಸಿನಿಮಾದಿಂದ ಕೊಲೆಗಳಾಗುತ್ತವೆಂದು ನಾವು ಹೇಳುವುದಿಲ್ಲ; ಅಂಥ ಹಗೆಗೆ ಸಿನಿಮಾದ ಅಗತ್ಯವೇ ಇಲ್ಲ. ಜಗದ್ಗುರು ಹನ್ನೊಂದನೆಯ ಪಿಯುಸರು 1936ರಲ್ಲಿಯೂ ಹನ್ನೆರಡನೆಯ ಪಿಯುಸರು 1957ರಲ್ಲಿಯೂ ಚಲನಚಿತ್ರವನ್ನು ಕುರಿತು ವಿಶ್ವಪತ್ರಗಳನ್ನು ಬರೆದರು. ಮೊದಲನೆಯದರಲ್ಲಿ ಎಚ್ಚರಿಕೆ ಹೆಚ್ಚು. ಎರಡನೆಯದು ನೋಡುವವನಿಗೂ ನೋಡುವ ಶಿಕ್ಷಣ ಬೇಕೆಂದಿತು. ಸಿನಿಮಾಕ್ಕೆ ನೂರು ತುಂಬಿದ 1995ರಲ್ಲಿ ವ್ಯಾಟಿಕನ್ 45 ಉತ್ತಮ ಚಿತ್ರಗಳನ್ನು ಹೆಸರಿಸಿದಾಗ ಅದರಲ್ಲಿ 'ಗಾಂಧಿ'ಯೂ ಇತ್ತು. ನಮ್ಮ ಧರ್ಮಕೇಂದ್ರಗಳಲ್ಲಿ ನೋಡುವ ಶಿಕ್ಷಣವೆಂಬುದು ಇಂದಿಗೂ ಬಹುಮಟ್ಟಿಗೆ ಇದು ನೋಡಬೇಡ, ಅದು ನೋಡಬೇಡ ಎಂಬಲ್ಲಿಗೇ ನಿಂತಿದೆ. ಬೇಡ ಎಂದುದನ್ನು ಒಬ್ಬರೇ ನೋಡುತ್ತಾರೆ. ನೋಡಿದ ಮೇಲೆ ಎದೆಯಲ್ಲಿ ಎದ್ದ ಪ್ರಶ್ನೆಯನ್ನು ಯಾರ ಮುಂದೆಯೂ ಇಡಲಾರರು. ಮಗ ಬೆಳಗ್ಗೆ ಕೆಂಪಗಿನ ಕಣ್ಣಿನಿಂದ ಎದ್ದು ಬಂದರೆ ಎಷ್ಟು ಹೊತ್ತಿಗೆ ಮಲಗಿದೆ ಎಂದು ಗದರಿಸುವ ತಂದೆ, ಏನು ನೋಡಿದೆ, ಕೊನೆಗೆ ಏನಾಯಿತು, ನಿನಗೆ ಸರಿಯೆನ್ನಿಸಿತೇ ಎಂದು ಒಮ್ಮೆ ಕೇಳಿ ನೋಡಲಿ. ನಾವು ಚಿತ್ರ ಮುಗಿದ ಮರುದಿನ ಮನೆಗೆ ಮರಳಿದವರ ಮುಂದೆ ಇಡೀ ಕಥೆಯನ್ನು ಹೇಳಿದೆವು. ಖಾತೆಯ ಸಂಖ್ಯೆಯ ಪ್ರಸಂಗಕ್ಕೆ ಬಂದಾಗ ಕೇಳುತ್ತಿದ್ದವರು ರೊಟ್ಟಿ ಬಡಿಯುತ್ತಿದ್ದ ಕೈಯನ್ನು ನಿಲ್ಲಿಸಿದರು.

ಸೇಡಿನ ಕಥೆಗೆ ಇರುವ ಬಿಗಿ ಕ್ಷಮೆಯ ಕಥೆಗೆ ಬರುವುದು ಕಷ್ಟ. ಅದಕ್ಕೆ ಬಹಳ ವರ್ಷಗಳು ಹಿಡಿಯುತ್ತವೆ. ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರ ಪರವಾಗಿ ನಿಂತ ಕೇರಳದ ಧರ್ಮಭಗಿನಿ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಇಂದೋರಿನ ದಾರಿಯಲ್ಲಿ ಬಸ್ಸಿನಿಂದ ಎಳೆದು ಚೂರಿಯಿಂದ ಇರಿದು ಕೊಂದರು. ಕೊಂದವನು ಸಮಂದರ್ ಸಿಂಗ್. ಬೇರೆಯವರ ಪ್ರಚೋದನೆಗೆ ಒಳಗಾದವನು. ಸೆರೆಮನೆಯಲ್ಲಿ ಅವನೂ ಸೇಡಿನ ಲೆಕ್ಕವನ್ನೇ ಹಾಕುತ್ತ ಕುಳಿತಿದ್ದನಂತೆ, ತನ್ನನ್ನು ಈ ಕೃತ್ಯಕ್ಕೆ ಹಚ್ಚಿ ಕೈಬಿಟ್ಟವರ ಮೇಲೆ. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ಧರ್ಮಭಗಿನಿ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅಕ್ಕ ಸತ್ತು ಅಷ್ಟರಲ್ಲಿ ಏಳು ವರ್ಷವಾಗಿತ್ತು. ಆ ಏಳು ವರ್ಷಗಳನ್ನು ಯಾವ ಚಿತ್ರವೂ ತೋರಿಸಲಾರದು. ಮನೆಯವರೇ ಅವನ ಬಿಡುಗಡೆಗೆ ಒಪ್ಪಿಗೆ ಕೊಟ್ಟು, 2006ರಲ್ಲಿ ಅವನು ಹೊರಗೆ ಬಂದ. ಕೇರಳದ ಪುಲ್ಲುವಳಿಗೆ ಹೋಗಿ ಆಕೆಯ ತಂದೆತಾಯಿಯರನ್ನು ಕಂಡ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯೆ ಎಂದು ಘೋಷಿಸಲಾಯಿತು. ಇವರ ಕಥೆಯನ್ನು ಕುರಿತು 'ದಿ ಹಾರ್ಟ್ ಆಫ್ ಎ ಮರ್ಡರರ್' ಎಂಬ ಸಾಕ್ಷ್ಯಚಿತ್ರವೂ ಬಂದಿದೆ. ಅದರಲ್ಲಿ ಸಿಳ್ಳೆ ಹಾಕುವ ಎಡೆ ಒಂದೂ ಇಲ್ಲ. ಮನೆಮಂದಿಯೆಲ್ಲ ನಡುಮನೆಯಲ್ಲಿ ಕುಳಿತು ನೋಡಬಹುದು.